ಮೀನುತೊಟ್ಟಿಯ ಗಾಜು ಮತ್ತು ನೀರಿನ ಒತ್ತಡ

ಮನೆಯಲ್ಲಿ ಮೀನು ಸಾಕುವ ಗಾಜಿನ ತೊಟ್ಟಿಗಳ ಮೇಲ್ಭಾಗದಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಗಾಜಿನ ಪಟ್ಟಿಗಳಿರುತ್ತವೆ. ಉದ್ದನೆಯ ಅಂಚಿಗೆ ಒಳಗಿನಿಂದ ಅಂಟಿಸಿದುದು ಅಂಚುಪಟ್ಟಿ. ಮುಂದಿನ ಗಾಜನ್ನೂ ಹಿಂದಿನ ಗಾಜನ್ನೂ ಸೇತುವೆಯಂತೆ ಜೋಡಿಸುವುದು ಅಡ್ಡಪಟ್ಟಿ. ತೊಟ್ಟಿಯನ್ನು ತೊಳೆಯಲು ಇವು ಅಡ್ಡಿಯಾಗುತ್ತವೆಂದೂ, ದೀಪದ ಬೆಳಕನ್ನು ತಡೆಯುತ್ತವೆಂದೂ ಕೆಲವರು ಇವನ್ನು ತೆಗೆಯಬಯಸುತ್ತಾರೆ. ಹಾಗೆ ತೆಗೆಯುವುದು ಕ್ಷೇಮವೇ ಎಂಬ ಪ್ರಶ್ನೆಗೆ ಉತ್ತರ ದೊರೆಯುವುದು ನೀರಿನ ಆಳ ಮತ್ತು ಗಾಜಿನ ದಪ್ಪ ಎಂಬ ಎರಡು ಅಳತೆಗಳಿಂದ.

ನಿಂತ ನೀರು ಗೋಡೆಯನ್ನು ಒತ್ತುವ ಬಲವು ನೀರು ಎಷ್ಟು ದೂರ ಹರಡಿದೆ ಎಂಬುದನ್ನಲ್ಲ, ಎಷ್ಟು ಆಳವಾಗಿದೆ ಎಂಬುದನ್ನು ಅವಲಂಬಿಸುತ್ತದೆ. ಚನ್ನರಾಯಪಟ್ಟಣದ ಕೆರೆಯ ಏರಿಯಾಗಲಿ, ಅರಕಲಗೂಡು, ಹೊಳೆನರಸೀಪುರಗಳ ಸುತ್ತಿನ ಊರಕೆರೆಗಳ ಏರಿಯಾಗಲಿ, ಹಾಸನದ ಸಮೀಪ ಗೊರೂರಿನಲ್ಲಿ 1979ರಲ್ಲಿ ಪೂರ್ಣಗೊಂಡ ಹೇಮಾವತಿ ಅಣೆಕಟ್ಟಾಗಲಿ, ಮೇಲೆ ಕಿರಿದಾಗಿ ಬುಡದಲ್ಲಿ ಅಗಲವಾಗಿರುವುದು ಇದೇ ಕಾರಣದಿಂದ. ಆಳ ಒಂದು ಮೀಟರ್ ಹೆಚ್ಚಿದಂತೆಲ್ಲ ಪ್ರತಿ ಚದರ ಮೀಟರಿಗೆ ಸುಮಾರು ಒಂದು ಟನ್ ಭಾರದಷ್ಟು ಒತ್ತಡ ಏರುತ್ತದೆ.

ತೊಟ್ಟಿಯ ಗಾಜಾದರೋ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪ. 120 ಸೆಂಟಿಮೀಟರ್ ಉದ್ದದ ತೊಟ್ಟಿಯಲ್ಲಿ 50 ಸೆಂಟಿಮೀಟರ್ ನೀರು ನಿಂತರೆ ಮುಂದಿನ ಗಾಜೊಂದರ ಮೇಲೆಯೇ ಸುಮಾರು 150 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲ ಬೀಳುತ್ತದೆ. ನೀರನ್ನು 30 ಸೆಂಟಿಮೀಟರಿಗೆ ಇಳಿಸಿದರೆ ಅದು ಸುಮಾರು 54 ಕಿಲೋಗ್ರಾಂಗೆ ತಗ್ಗುತ್ತದೆ. ಆಳ ಇಮ್ಮಡಿಯಾದರೆ ಬಲ ನಾಲ್ಮಡಿಯಾಗುತ್ತದೆ ಎಂಬುದೇ ಇಲ್ಲಿನ ನಿಯಮ.

ಈ ಬಲಕ್ಕೆ ಗಾಜು ಹೊರಕ್ಕೆ ಬಾಗುತ್ತದೆ. ಅದರ ಕೆಳಗಿನ ಅಂಚು ಮತ್ತು ಎರಡು ಪಕ್ಕಗಳು ಸಿಲಿಕೋನ್ ಎಂಬ ರಬ್ಬರಿನಂಥ ಅಂಟಿನಿಂದ ಹಿಡಿದುಕೊಂಡಿರುವುದರಿಂದ, ಒತ್ತಡ ಬುಡದಲ್ಲೇ ಹೆಚ್ಚಿದ್ದರೂ, ಉದ್ದನೆಯ ತೊಟ್ಟಿಯಲ್ಲಿ ಅತಿ ಹೆಚ್ಚು ಬಾಗುವುದು ಹಿಡಿತವಿಲ್ಲದ ಮೇಲಂಚಿನ ನಡುಭಾಗ. ಅಂಚುಪಟ್ಟಿ ಆ ಅಂಚನ್ನು ಬಿಗಿಗೊಳಿಸುತ್ತದೆ. ಅಡ್ಡಪಟ್ಟಿ ಎದುರುಬದುರಿನ ಗಾಜುಗಳನ್ನು ಪರಸ್ಪರ ಎಳೆದು ಹಿಡಿಯುತ್ತದೆ. ಪಟ್ಟಿಯನ್ನು ತೆಗೆದಾಗ ಬಾಗು ಹೆಚ್ಚಿ, ಗಾಜಿನ ಹೊರಮೈಯಲ್ಲಿ ಎಳೆತ ಏರುವುದಲ್ಲದೆ, ಮೂಲೆಗಳ ಸಿಲಿಕೋನ್ ಕೂಡ ಸುಲಿದುಬರುವಂತೆ ಜಗ್ಗಲ್ಪಡುತ್ತದೆ. ಅದುಮಿಕೆಯನ್ನು ಚೆನ್ನಾಗಿ ತಾಳುವ ಗಾಜು ಎಳೆತವನ್ನು ಅಷ್ಟಾಗಿ ತಾಳಲಾರದು.

ಪಟ್ಟಿಯಿಲ್ಲದ ತೊಟ್ಟಿಗಳು ಮಾರುಕಟ್ಟೆಯಲ್ಲಿ ಇವೆಯಲ್ಲ ಎಂಬ ವಾದ ಸಹಜವೇ. ಆದರೆ ಅವುಗಳಿಗೆ ಮೊದಲೇ ಲೆಕ್ಕಹಾಕಿ ದಪ್ಪ ಗಾಜನ್ನು ಆರಿಸಿರುತ್ತಾರೆ. ದಪ್ಪ ಇಮ್ಮಡಿಯಾದರೆ ಬಾಗು ಎಂಟನೆಯ ಒಂದು ಭಾಗಕ್ಕೆ ಇಳಿಯುವುದರಿಂದ, ಕೆಲವೇ ಮಿಲಿಮೀಟರುಗಳ ಅಂತರವೂ ಇಲ್ಲಿ ನಿರ್ಣಾಯಕ. ಪಟ್ಟಿಯನ್ನು ನಂಬಿ ತೆಳು ಗಾಜಿನಲ್ಲಿ ಕಟ್ಟಿದ ತೊಟ್ಟಿಗೆ ಈ ಮೀಸಲು ಬಲವಿರುವುದಿಲ್ಲ.

ಪಟ್ಟಿ ತೆಗೆದ ಮೇಲೆ ತೊಟ್ಟಿ ಒಂದು ವಾರ ನಿಂತಿತೆಂಬುದು ಕ್ಷೇಮಕ್ಕೆ ಸಾಕ್ಷಿಯಲ್ಲ. ಗಾಜಿನ ಮೇಲ್ಮೈಯ ಕಣ್ಣಿಗೆ ಕಾಣದ ಗೀರುಗಳು ಎಳೆತ ಮತ್ತು ತೇವಾಂಶ ಎರಡೂ ಕೂಡಿದಾಗ ನಿಧಾನವಾಗಿ ಬೆಳೆಯುತ್ತವೆ. ಆದ್ದರಿಂದ ತಿಂಗಳುಗಟ್ಟಲೆ ನಿಂತ ತೊಟ್ಟಿಯೂ ಮುನ್ಸೂಚನೆಯಿಲ್ಲದೆ ಒಡೆಯಬಹುದು.

ಪಟ್ಟಿ ತಾನಾಗಿಯೇ ಕಳಚಿದ್ದರೆ ತಕ್ಷಣ ನೀರನ್ನು ತಗ್ಗಿಸಬೇಕು. ತುಂಬಿದ ತೊಟ್ಟಿಗೆ ಪಟ್ಟಿ ಅಂಟಿಸಿದರೆ ಗಾಜು ಬಾಗಿದ ಸ್ಥಿತಿಯಲ್ಲೇ ಉಳಿಯುವುದರಿಂದ, ತೊಟ್ಟಿಯನ್ನು ಬರಿದು ಮಾಡಿ, ಹಳೆಯ ಸಿಲಿಕೋನ್ ಮೇಲೆ ಹೊಸದು ಗಟ್ಟಿಯಾಗಿ ಹಿಡಿಯದ ಕಾರಣ ಹಳೆಯದನ್ನು ಪೂರ್ತಿ ಕೆರೆದು, ಮೀನುತೊಟ್ಟಿಗೆ ತಕ್ಕ ಸಿಲಿಕೋನ್ ಹಚ್ಚಿ, ಅದು ಪೂರ್ಣ ಗಟ್ಟಿಯಾಗುವಷ್ಟು ದಿನ ಬಿಟ್ಟು, ಬಳಿಕವೇ ನೀರು ತುಂಬಬೇಕು. ಪಟ್ಟಿ ಬೇಡವೇ ಬೇಡ ಎನ್ನುವವರಿಗೆ ಉಳಿದಿರುವ ಮಾರ್ಗಗಳು ಎರಡೇ: ನೀರಿನ ಮಟ್ಟವನ್ನು ಗಾಜಿನ ದಪ್ಪಕ್ಕೆ ತಕ್ಕಂತೆ ಶಾಶ್ವತವಾಗಿ ಇಳಿಸುವುದು, ಇಲ್ಲವೇ ಪಟ್ಟಿಯಿಲ್ಲದೆಯೇ ನಿಲ್ಲುವಂತೆ ಕಟ್ಟಿದ ತೊಟ್ಟಿಯನ್ನು ಕೊಳ್ಳುವುದು.