ತಟ್ಟೆ ಬಡಿದರೆ ಸಾಲದು
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನಾವು ದೊಡ್ಡ ಭಾಷಣ ಮಾಡಲು ಬಂದವರಲ್ಲ. ನಿಮ್ಮ ಹಾಗೆಯೇ ಹಾಸ್ಟೆಲ್ಲಿನ ಅನ್ನ ತಿಂದು ಓದಿದವರು. ಅಲ್ಲಿ ಕಲಿತ ಒಂದು ಪಾಠ ಹೇಳಿ ಕೂತ್ಕೋತೀವಿ.

ನಮ್ಮ ಹಾಸ್ಟೆಲ್ಲಿನ ಸಾರಿನಲ್ಲಿ ಬೇಳೆಯನ್ನು ಹುಡುಕಬೇಕಾಗಿತ್ತು. ಒಂದು ರಾತ್ರಿ ತಟ್ಟೆ ಬಡಿದೆವು, ಅಡಿಗೆಯಮ್ಮನನ್ನು ಬೈದೆವು. ಅವರು, "ನಂಗೆ ಕೊಟ್ಟಷ್ಟನ್ನೇ ಬೇಯಿಸ್ತೀನಿ ಕಣ್ರಪ್ಪಾ, ನಮ್ಮನೆಯಿಂದ ತರ್ಲಾ?" ಅಂದರು. ನಮಗೆ ನಾಚಿಕೆಯಾಯ್ತು. ನಮ್ಮ ಅವ್ವನಂಥ ಬಡವಿಯ ಮೇಲೆ ಸಿಟ್ಟು ತೀರಿಸಿಕೊಂಡಿದ್ದೆವು.

ಮಾರನೇ ದಿನ ಆರು ಜನ ಉಗ್ರಾಣದ ಬಾಗಿಲಲ್ಲಿ ನಿಂತೆವು. ತಲೆಗೆ ಎಷ್ಟು ಬೇಳೆ ಅನ್ನೋದು ಗೋಡೆಯ ಪಟ್ಟಿಯಲ್ಲೇ ಇತ್ತು. ಕೊಟ್ಟ ಬೇಳೆಯನ್ನು ತೂಗಿಸಿ, ತಾರೀಖು ಹಾಕಿ, ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆದೆವು. "ಹಾಸ್ಟೆಲ್ಲಿಂದ ಹೊರಗೆ ಹಾಕಿಸ್ತೀನಿ" ಎಂಬ ಬೆದರಿಕೆಯೂ ಬಂತು. ನಾವು ಹೆದರಲಿಲ್ಲ ಅಂದ್ರೆ ಸುಳ್ಳು. ಊರಿಗೆ ವಾಪಸ್ ಹೋದರೆ ಗೌಡರ ಹೊಲದ ಕೂಲಿಯೇ ಗತಿ. ಆದರೆ ಅರ್ಜಿಗೆ ಆರಲ್ಲ, ಅರವತ್ತು ಸಹಿ ಬಿದ್ದವು. ಕಚೇರಿಗೆ ಕೊಟ್ಟು, ನಮ್ಮ ಪ್ರತಿಗೆ ಮೊಹರು ಹಾಕಿಸಿಕೊಂಡೆವು. ಮುಂದಿನ ತಿಂಗಳು ಬೇಳೆ ಅಳತೆ ಪ್ರಕಾರ ಬಂತು.

ಈ ದಾರಿ ನಾವು ಕಂಡುಹಿಡಿದದ್ದಲ್ಲ. ಸಾರ್ವಜನಿಕ ಕೆರೆ ಬಾವಿಗಳ ನೀರು ಅಸ್ಪೃಶ್ಯರಿಗೂ ಸಿಗಬೇಕೆಂದು ಬೊಂಬಾಯಿ ಶಾಸನಸಭೆ 1923ರಲ್ಲೇ ಠರಾವು ಮಾಡಿತ್ತು. ಕೊಂಕಣದ ಮಹಾಡ್ ಪುರಸಭೆಯೂ 1924ರಲ್ಲಿ ತನ್ನ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆದಿದ್ದೇವೆ ಎಂದಿತು. ನೀರು ಕಾಗದದಲ್ಲೇ ಉಳಿಯಿತು, ಬೊಗಸೆಗೆ ಬರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಡನೆ ನಡೆದುಹೋಗಿ ಆ ನೀರು ಕುಡಿದರು. ಸವರ್ಣೀಯರು ದೊಣ್ಣೆ ಹಿಡಿದು ನಮ್ಮವರ ಮೇಲೆ ಬಿದ್ದರು. ಆಗಲೂ ಬಾಬಾಸಾಹೇಬರು ತಿರುಗಿ ಹೊಡೆಯಲು ಬಿಡಲಿಲ್ಲ. ಡಿಸೆಂಬರಿನಲ್ಲಿ ಕೋರ್ಟಿನ ತಡೆಯಾಜ್ಞೆ ಬಂದಾಗ ಕೆರೆಗೆ ಇಳಿಯದೆ ಕೋರ್ಟಿನಲ್ಲೇ ಹೋರಾಡಿದರು. 1937ರಲ್ಲಿ ಬೊಂಬಾಯಿ ಹೈಕೋರ್ಟಿನಲ್ಲೂ ಗೆದ್ದರು. ಕೆಚ್ಚೂ ಇತ್ತು, ವಿವೇಕವೂ ಇತ್ತು. ಒಂದನ್ನು ಬಿಟ್ಟಿದ್ದರೂ ಆ ಕೆರೆ ನಮ್ಮದಾಗುತ್ತಿರಲಿಲ್ಲ.

ಇವತ್ತು ನಿಮ್ಮ ಕೈಯಲ್ಲಿ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಸ್ಕಾಲರ್‌ಶಿಪ್ ಬರಲಿಲ್ಲ ಅಂತ ವರಾಂಡದಲ್ಲಿ ಕೂತು ಗೊಣಗಬೇಡಿ. ಮೊದಲು ನಿಮ್ಮ ಅರ್ಜಿಯಲ್ಲೇ ತಪ್ಪಿದೆಯಾ ನೋಡಿ. ಇಲ್ಲವಾದರೆ 10 ರೂಪಾಯಿ ಕಟ್ಟಿ ಮಾಹಿತಿ ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು. ಕೊಡದಿದ್ದರೆ ಮೇಲ್ಮನವಿ ಹಾಕಿ. ಒಬ್ಬರೇ ಹೋಗಬೇಡಿ, ಇಬ್ಬರು ಹೋಗಿ. ಬಾಯಲ್ಲಿ ಹೇಳಿ ಬರಬೇಡಿ, ಬರೆದುಕೊಡಿ. ಸ್ವೀಕೃತಿ ಇಲ್ಲದೆ ಕಚೇರಿ ಮೆಟ್ಟಿಲು ಇಳಿಯಬೇಡಿ. ಜವಾನನನ್ನು ಬೈಯಬೇಡಿ, ಅವನೂ ಯಾವುದೋ ಕೇರಿಯಿಂದ ಬಂದವನೇ.

ರಜೆಗೆ ಊರಿಗೆ ಹೋದಾಗ ಸುಮ್ಮನೆ ಮಲಗಬೇಡಿ. ಪಿಂಚಣಿ ನಿಂತುಹೋದ ಅಜ್ಜಿ, ಪಡಿತರ ಚೀಟಿ ಇಲ್ಲದ ಮನೆ ನಿಮ್ಮ ಕೇರಿಯಲ್ಲೇ ಇರಬಹುದು. ಹೋಗಿ ವಿಚಾರಿಸಿ, ಒಂದು ಅರ್ಜಿ ಬರೆದುಕೊಡಿ. ನಮ್ಮ ಅಪ್ಪ ಅವ್ವ ನಮ್ಮನ್ನು ಓದಿಸಿದ್ದು ಅದಕ್ಕೂ ಹೌದಲ್ಲವಾ?

ಜೈ ಭೀಮ್.