ಹಳೆಯ ಗಣಕಕ್ಕೆ ಮರುಜೀವ



2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11 ಅನೇಕ ಹಳೆಯ ಗಣಕಗಳಿಗೆ ಒಗ್ಗದು. ಹಾಗೆಂದು ಸುಸ್ಥಿತಿಯ ಯಂತ್ರವನ್ನು ಗುಜರಿಗೆ ಹಾಕಿದರೆ, ಅದರೊಳಗಿನ ಸೀಸ ಯಾರದೋ ಮಣ್ಣನ್ನು, ನೀರನ್ನು ಸೇರೀತು.

64 ಬಿಟ್‌ನ ಗಣಕದಲ್ಲಿ 2 ಜಿಬಿ ರ‍್ಯಾಮ್, 20 ಜಿಬಿ ಡಿಸ್ಕ್ ಇದ್ದರೆ ಮುಕ್ತ ತಂತ್ರಾಂಶವಾದ ಲಿನಕ್ಸ್ ಮಿಂಟ್ ನಡೆಯುತ್ತದೆ. 4 ಜಿಬಿ ರ‍್ಯಾಮ್ ಇದ್ದರೆ ಸಲೀಸು. ಮೊದಲು ಕಡತಗಳನ್ನು ಬೇರೆಡೆ ನಕಲಿಸಿಕೊಳ್ಳಿ. ಡಿಸ್ಕ್ ಅಳಿಸಿ ಸ್ಥಾಪಿಸಿದರೆ ಅವು ಉಳಿಯವು. ಪೆನ್‌ಡ್ರೈವಿನಿಂದಲೇ ಚಾಲೂ ಮಾಡಿ ವೈಫೈ, ಧ್ವನಿ, ಪ್ರಿಂಟರ್ ಪರೀಕ್ಷಿಸಿ, ತೃಪ್ತಿಯಾದ ಬಳಿಕವೇ ಸ್ಥಾಪಿಸಿ.

ಒಮ್ಮೆ ಇಳಿಸಿಕೊಂಡದ್ದನ್ನು ಹಂಚಲು ಇದರ ಪರವಾನಗಿಯೇ ಅನುಮತಿಸುತ್ತದೆ. ಅಂತರಜಾಲ ಸಿಗದ ಹಳ್ಳಿಗೂ ಒಂದು ಪೆನ್‌ಡ್ರೈವ್ ತಲುಪಬಲ್ಲದು. ಬೀಜವನ್ನು ಹಂಚಿ ಉಳಿಸಿಕೊಂಡವರು ನಾವು. ಇದನ್ನೂ ಹಾಗೆಯೇ ಹಂಚೋಣ.