ಐರ್ಲೆಂಡಿನಿಂದ ಗಣಿಯ ಊರಿಗೆ

ಅಮೆರಿಕದ ಪೆನ್ಸಿಲ್ವೇನಿಯ ಸಂಸ್ಥಾನದ ಗಣಿ ತನಿಖಾಧಿಕಾರಿಗಳು ೧೮೭೦ರಿಂದ ಮೊದಲುಗೊಂಡು ವರ್ಷವರ್ಷವೂ ಒಂದು ವರದಿಯನ್ನು ಒಪ್ಪಿಸುತ್ತ ಬಂದರು. ಅದರಲ್ಲಿ ಆ ವರ್ಷ ಗಣಿಯೊಳಗೆ ಸತ್ತವರ ಪಟ್ಟಿಯೊಂದು ಇರುತ್ತಿತ್ತು. ತಾರೀಖು, ಹೆಸರು, ವಯಸ್ಸು, ಮಾಡುತ್ತಿದ್ದ ಕೆಲಸ, ಗಣಿಯ ಹೆಸರು, ಸತ್ತ ಬಗೆ. ಕೊನೆಗೆ, ವಿಧವೆಯೊಬ್ಬಳು ಉಳಿದಳೆ, ತಬ್ಬಲಿಗಳು ಎಷ್ಟು ಮಂದಿ. ಒಬ್ಬ ಮನುಷ್ಯನ ಬಾಳು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಈ ಸಾಲುಗಳನ್ನು ಓದುತ್ತ ಹೋದರೆ ಗಲಾಗರ್, ಬಾಯ್ಲ್, ಬ್ರೆನನ್, ಮರ್ಫಿ ಎಂಬ ಐರಿಷ್ ಹೆಸರುಗಳು ಮತ್ತೆ ಮತ್ತೆ ಎದುರಾಗುತ್ತವೆ. ಕೆಲವು ವರ್ಷಗಳ ಪಟ್ಟಿಯಲ್ಲಿ ಸತ್ತವನು ಯಾವ ದೇಶದವನೆಂಬ ಕಲಮೂ ಉಂಟು. ಅಲ್ಲಿ ‘ಐರಿಷ್’ ಎಂದು ಬರೆದು ಮುಗಿಸಿದ್ದಾರೆ. ಐರ್ಲೆಂಡಿನಲ್ಲಿ ಯಾವ ಊರು? ಅದನ್ನು ಯಾರೂ ಕೇಳಲಿಲ್ಲ, ಬರೆಯಲೂ ಇಲ್ಲ.

ಹಾಗೆ ಸತ್ತವರ ಮೊಮ್ಮಕ್ಕಳ ಮಕ್ಕಳು ಇಂದು ಹುಡುಕುತ್ತಿರುವುದು ಆ ಊರಿನ ಹೆಸರನ್ನೇ. ನಮ್ಮವರಂತೆ ಊರ ಹೆಸರನ್ನು ತಮ್ಮ ಹೆಸರಿನ ಮುಂದೆ ಇನಿಷಿಯಲ್ಲಾಗಿ ಹೊತ್ತು ತಿರುಗುವ ವಾಡಿಕೆ ಅವರಲ್ಲಿಲ್ಲ. ಇದ್ದಿದ್ದರೆ ಎಷ್ಟು ಜನರ ಎಷ್ಟು ವರ್ಷಗಳ ಶ್ರಮ ಉಳಿಯುತ್ತಿತ್ತೋ! ಐರ್ಲೆಂಡಿನಲ್ಲಿ ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ. ಅದರೊಳಗೆ ಹೋಬಳಿಯನ್ನು ಹೋಲುವ ವಿಭಾಗಗಳು, ಅವುಗಳೊಳಗೆ ಪ್ಯಾರಿಷ್‌ಗಳು, ಎಲ್ಲಕ್ಕೂ ಕೆಳಗೆ ಟೌನ್‌ಲ್ಯಾಂಡ್. ಹೆಸರಿನಲ್ಲಿ ಟೌನ್ ಎಂದಿದ್ದರೂ ಇದು ಪಟ್ಟಣವಲ್ಲ; ಕೆಲವೇ ಮನೆಗಳೂ ಅವುಗಳ ಹೊಲಗದ್ದೆಗಳೂ ಸೇರಿದ ತುಂಡು ನೆಲ. ಇಂಥವು ಅರುವತ್ತು ಸಾವಿರಕ್ಕೂ ಮಿಕ್ಕಿ ಇವೆ. ಅವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು.

ಇಷ್ಟು ಜನ ಆ ನೆಲವನ್ನು ಬಿಟ್ಟು ಬಂದದ್ದೇಕೆಂಬುದು ನಿಮ್ಮಲ್ಲಿ ಅನೇಕರಿಗೆ ತಿಳಿದ ಕಥೆ. ೧೮೪೫ರಲ್ಲಿ ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿತು. ಬಡ ಒಕ್ಕಲು ಮಕ್ಕಳಿಗೆ ಆಲೂಗೆಡ್ಡೆಯೇ ಊಟ, ಅದೇ ಉಪಾಹಾರ. ಬೆಳೆದ ಧಾನ್ಯವೂ ಸಾಕಿದ ದನವೂ ಗೇಣಿಯ ಲೆಕ್ಕಕ್ಕೆ ಹೋಗುತ್ತಿದ್ದುವು. ಕ್ಷಾಮದ ನಡುವೆಯೂ ಅವು ಹಡಗೇರಿ ಇಂಗ್ಲೆಂಡಿಗೆ ಹೋದುವು. ೧೮೫೨ರ ಹೊತ್ತಿಗೆ ಸುಮಾರು ಹತ್ತು ಲಕ್ಷ ಜನ ಹಸಿವಿನಿಂದಲೂ ಜ್ವರದಿಂದಲೂ ಸತ್ತಿದ್ದರು. ಇನ್ನೂ ಹತ್ತು ಲಕ್ಷಕ್ಕೆ ಮೇಲ್ಪಟ್ಟು ಜನ ದೇಶ ಬಿಟ್ಟಿದ್ದರು. ೧೮೪೧ರ ಖಾನೇಷುಮಾರಿಯಲ್ಲಿ ೮೧ ಲಕ್ಷ ಚಿಲ್ಲರೆ ಇದ್ದ ಜನಸಂಖ್ಯೆ ೧೮೫೧ರಲ್ಲಿ ೬೫ ಲಕ್ಷ ಚಿಲ್ಲರೆಗೆ ಇಳಿಯಿತು. ಕ್ಷಾಮ ಕಳೆದ ಮೇಲೂ ಹೋಗುವುದು ನಿಲ್ಲಲಿಲ್ಲ. ಹೊರಡುವ ಹಿಂದಿನ ರಾತ್ರಿ ಮನೆಯಲ್ಲಿ ನೆಂಟರಿಷ್ಟರು ಸೇರಿ ಬೆಳಗಿನವರೆಗೂ ಜಾಗರಣೆ ಮಾಡುತ್ತಿದ್ದರು. ಹಾಡು, ಕುಣಿತ, ನಡುನಡುವೆ ಅಳು. ಹೆಣದ ಮುಂದೆ ಕೂರುವ ಜಾಗರಣೆಗೆ ಅವರಲ್ಲಿ ಏನು ಹೆಸರೋ ಇದಕ್ಕೂ ಅದೇ ಹೆಸರು: ‘ಅಮೆರಿಕದ ಜಾಗರಣೆ’ ಎನ್ನುತ್ತಿದ್ದರು. ಹೋದ ಮಗ ತಿರುಗಿ ಬರುವುದಿಲ್ಲವೆಂದು ತಾಯಿಗೆ ತಿಳಿದಿತ್ತು.

ನೇಗಿಲಿನ ಮಕ್ಕಳು ನೆಲದಡಿಯ ಕತ್ತಲೆಗೆ ಇಳಿದದ್ದು ಹೇಗೆ? ಪೆನ್ಸಿಲ್ವೇನಿಯದ ಈಶಾನ್ಯ ಮೂಲೆಯಲ್ಲಿ, ಐನೂರು ಚದರ ಮೈಲಿಗೂ ಕಡಮೆಯಾದ ಪ್ರದೇಶದಲ್ಲಿ, ಆಂಥ್ರಸೈಟ್ ಎಂಬ ಗಟ್ಟಿ ಕಲ್ಲಿದ್ದಲು ಇದೆ. ಹೊಗೆ ಕಡಮೆ, ಕಾವು ಹೆಚ್ಚು. ನ್ಯೂಯಾರ್ಕು, ಫಿಲಡೆಲ್ಫಿಯಗಳ ಮನೆಯ ಒಲೆಗಳಿಗೂ ಕಬ್ಬಿಣದ ಕುಲುಮೆಗಳಿಗೂ ಅದೇ ಬೇಕಾಗಿತ್ತು. ಅದನ್ನು ಸಾಗಿಸಲು ಕಾಲುವೆಗಳನ್ನೂ ಆಮೇಲೆ ರೈಲುದಾರಿಗಳನ್ನೂ ತೋಡಿದ ಕೂಲಿಗಳಲ್ಲಿ ಐರಿಷರು ಬಹಳ. ಕಾಲುವೆ ಮುಗಿಯಿತು, ಗಣಿಯ ಬಾಯಿ ಪಕ್ಕದಲ್ಲೇ ಇತ್ತು.

ಒಬ್ಬ ಹೋಗಿ ನೆಲೆಸಿದರೆ ತಮ್ಮನಿಗೆ ಟಿಕೆಟ್ಟು ಕಳಿಸುತ್ತಿದ್ದ. ತಮ್ಮ ತಂಗಿಗೆ, ತಂಗಿ ನೆರೆಮನೆಯ ಹುಡುಗನಿಗೆ. ಹೀಗಾಗಿ ಐರ್ಲೆಂಡಿನ ಒಂದೊಂದು ಸೀಮೆಯವರು ಇಲ್ಲಿಯ ಒಂದೊಂದು ಕಣಿವೆಯಲ್ಲಿ ಗುಂಪುಗೂಡಿದರು. ಕಿಲ್ಕೆನ್ನಿ ಕೌಂಟಿಯ ಕ್ಯಾಸಲ್‌ಕೋಮರಿನಲ್ಲಿ ಹಿಂದಿನಿಂದಲೂ ಕಲ್ಲಿದ್ದಲ ಗಣಿಗಳಿದ್ದುವು. ಅಲ್ಲಿನ ಕಸುಬು ಬಲ್ಲ ಜನ ಪಾಟ್ಸ್‌ವಿಲ್ ಸುತ್ತಲಿನ ಸ್ಕೂಲ್‌ಕಿಲ್ ಸೀಮೆಗೆ ಬಂದರು. ಪಶ್ಚಿಮ ಡೊನೆಗಲ್ಲಿನವರು, ಮನೆಯಲ್ಲಿ ಐರಿಷ್ ಭಾಷೆಯನ್ನೇ ಆಡುತ್ತಿದ್ದವರು, ಹೇಜಲ್‌ಟನ್, ಸಮಿಟ್ ಹಿಲ್ ಕಡೆಗೆ ಬಂದರು. ಮೇಯೊ ಕೌಂಟಿಯವರು ಸ್ಕ್ರಾಂಟನ್ನಿಗೆ. ಎಲ್ಲರೂ ನೇರವಾಗಿ ಬಂದವರಲ್ಲ. ಗಣಿ ಕೆಲಸಗಾರರ ಸಂಘ ಕಟ್ಟಿದ ಜಾನ್ ಸೈನಿ ಎಂಬವನು ಐರ್ಲೆಂಡಿನ ಒಕ್ಕಲು ಮನೆಯಲ್ಲಿ ೧೮೩೧ರಲ್ಲಿ ಹುಟ್ಟಿದವನು. ಜಮೀನಿನಿಂದ ಎಬ್ಬಿಸಿದ ಮೇಲೆ ಮನೆಯವರು ಇಂಗ್ಲೆಂಡಿನ ವಿಗನ್ ಪಟ್ಟಣಕ್ಕೆ ಹೋದರು. ಅವನು ಪೆನ್ಸಿಲ್ವೇನಿಯಕ್ಕೆ ಬಂದದ್ದು ೧೮೬೩ರಲ್ಲಿ. ಇಂಥವನ ಮೂಲ ಹುಡುಕುವವರು ಐರ್ಲೆಂಡಿನ ಬಂದರಿನಲ್ಲಿ ಕಾಯುತ್ತ ಕೂತರೆ ಅವನು ಸಿಕ್ಕುವುದಿಲ್ಲ, ಲಿವರ್‌ಪೂಲಿನಲ್ಲಿ ನೋಡಬೇಕು.

ಗಣಿಯ ಊರಿನ ಜೀವನ ಹೀಗಿತ್ತು. ಮನೆ ಕಂಪನಿಯದು, ಅಂಗಡಿ ಕಂಪನಿಯದು, ಎಷ್ಟೋ ಕಡೆ ಊರಿನ ಪೋಲೀಸೂ ಕಂಪನಿಯದೇ. ತಿಂಗಳ ಕೊನೆಯಲ್ಲಿ ಬಾಡಿಗೆ, ದಿನಸಿ, ಸಿಡಿಮದ್ದು, ದೀಪದ ಎಣ್ಣೆ ಎಲ್ಲವನ್ನೂ ಕಳೆದು ಕೈಗೆ ಒಂದು ಚೀಟಿ ಕೊಡುತ್ತಿದ್ದರು. ಕೆಲವು ಸಲ ಅದರಲ್ಲಿ ಉಳಿಯುತ್ತಿದ್ದದ್ದು ಸೊನ್ನೆ. ವೇಲ್ಸ್ ದೇಶದಿಂದ ಬಂದವರಿಗೆ ಕಸುಬು ಗೊತ್ತಿತ್ತು, ಅವರು ಕಲ್ಲಿದ್ದಲು ಒಡೆಯುವ ಗಣಿಗಾರರಾದರು. ಐರಿಷರಲ್ಲಿ ಬಹುಮಂದಿ ಅವರ ಕೈಕೆಳಗೆ ಒಡೆದದ್ದನ್ನು ಬಂಡಿಗೆ ತುಂಬುವ ಆಳುಗಳು. ಗಣಿಯ ಹೊರಗೆ ಕಲ್ಲಿದ್ದಲು ಒಡೆದು ಜರಡಿಯಾಡುವ ದೊಡ್ಡ ಕಟ್ಟಡವಿರುತ್ತಿತ್ತು. ಅಲ್ಲಿ ಎಂಟು, ಹತ್ತು, ಹನ್ನೆರಡು ವರ್ಷದ ಹುಡುಗರು ಹಲಗೆಯ ಮೇಲೆ ಬಗ್ಗಿ ಕೂತು, ಕಾಲ ಕೆಳಗೆ ಹರಿದುಹೋಗುವ ಕಲ್ಲಿದ್ದಲಿನಿಂದ ಕಲ್ಲನ್ನು ಬರಿಗೈಯಿಂದ ಆರಿಸುತ್ತಿದ್ದರು. ೧೯೧೧ರಲ್ಲಿ ಲೂಯಿಸ್ ಹೈನ್ ಎಂಬವನು ಇಂಥ ಹುಡುಗರ ಫೋಟೋ ತೆಗೆದ. ಮುಖವೆಲ್ಲ ಮಸಿ. ಅವುಗಳನ್ನು ನೋಡಿದವರಿಗೆ ಹೆಚ್ಚು ವಿವರಣೆ ಬೇಕಾಗುವುದಿಲ್ಲ.

ನಾನು ಮೊದಲಿಗೆ ಹೇಳಿದ ಸಾವಿನ ಪಟ್ಟಿ ಹುಟ್ಟಿಕೊಂಡದ್ದಕ್ಕೂ ಕಾರಣವುಂಟು. ೧೮೬೯ರ ಸೆಪ್ಟೆಂಬರ್ ೬ರಂದು ಏವನ್‌ಡೇಲ್ ಎಂಬ ಗಣಿಯಲ್ಲಿ ಬೆಂಕಿ ಬಿತ್ತು. ಒಳಗೆ ಹೋಗಲೂ ಹೊರಗೆ ಬರಲೂ ಇದ್ದದ್ದು ಒಂದೇ ಬಾವಿ. ಆ ಬಾವಿಯ ಬಾಯಿಯ ಮೇಲೆಯೇ ಮರದ ಕಟ್ಟಡ ಕಟ್ಟಿದ್ದರು. ಅದು ಹೊತ್ತಿ ಕುಸಿಯಿತು. ಕೆಳಗಿದ್ದವರ ಜೊತೆಗೆ, ಕಾಪಾಡಲು ಇಳಿದ ಇಬ್ಬರೂ ಸೇರಿ ೧೧೦ ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ವೇಲ್ಸಿನವರು. ಮರುವರ್ಷವೇ ಕಾನೂನು ಬಂತು: ಗಣಿಗೆ ಎರಡು ದಾರಿಗಳಿರಬೇಕು, ತನಿಖೆ ನಡೆಯಬೇಕು, ಸತ್ತವರ ಲೆಕ್ಕ ಬರೆಯಬೇಕು. ಲೆಕ್ಕ ಬರೆದರು. ಮುಂದಿನ ನೂರು ವರ್ಷಗಳಲ್ಲಿ ಆಂಥ್ರಸೈಟ್ ಗಣಿಗಳಲ್ಲಿ ಸತ್ತವರ ಸಂಖ್ಯೆ ಮೂವತ್ತು ಸಾವಿರವನ್ನು ದಾಟಿತು.

ಈ ಸೀಮೆಯ ಐರಿಷರ ಮಾತು ಬಂದಾಗ ಮಾಲಿ ಮಗ್ವಾಯರ್‌ಗಳ ಹೆಸರೆತ್ತದೆ ಇರುವಂತಿಲ್ಲ. ಅದು ಐರ್ಲೆಂಡಿನಲ್ಲಿ ಜಮೀನ್ದಾರರ ವಿರುದ್ಧ ರಾತ್ರಿಹೊತ್ತು ಕೈಮಾಡುತ್ತಿದ್ದ ರಹಸ್ಯ ಕೂಟದ ಹೆಸರು. ಪೆನ್ಸಿಲ್ವೇನಿಯದಲ್ಲಿ ಗಣಿಯ ಮೇಲ್ವಿಚಾರಕರು ಕೊಲೆಯಾದಾಗ ಅದೇ ಹೆಸರು ಮೇಲೆದ್ದಿತು. ಕಂಪನಿಯ ಅಧ್ಯಕ್ಷ ಫ್ರಾಂಕ್ಲಿನ್ ಗೋವೆನ್ ಎಂಬವನು ಪಿಂಕರ್ಟನ್ ಸಂಸ್ಥೆಯ ಗೂಢಚಾರನೊಬ್ಬನನ್ನು ಕೆಲಸಗಾರರ ನಡುವೆ ಬಿಟ್ಟ. ಹಿಡಿದವರಲ್ಲಿ ಕಂಪನಿಯ ಪೋಲೀಸರಿದ್ದರು. ನ್ಯಾಯಾಲಯದಲ್ಲಿ ಸರಕಾರದ ಪರವಾಗಿ ಗೋವೆನ್ನನೇ ಎದ್ದು ವಾದಿಸಿದ. ಜ್ಯೂರಿಯಲ್ಲಿ ಐರಿಷ್ ಕ್ಯಾಥೊಲಿಕರನ್ನು ಕೂರಿಸಲಿಲ್ಲ. ೧೮೭೭ರ ಜೂನ್ ೨೧ರಂದು ಒಂದೇ ದಿನ ಪಾಟ್ಸ್‌ವಿಲ್ಲಿನಲ್ಲಿ ಆರು, ಮಾಕ್ ಚಂಕಿನಲ್ಲಿ ನಾಲ್ಕು, ಒಟ್ಟು ಹತ್ತು ಮಂದಿಯನ್ನು ಗಲ್ಲಿಗೇರಿಸಿದರು. ೧೮೭೯ರ ಹೊತ್ತಿಗೆ ಇಪ್ಪತ್ತು. ಕೊಲೆಗಳು ನಡೆದದ್ದು ನಿಜ. ನಡೆದ ವಿಚಾರಣೆಯನ್ನು ನ್ಯಾಯವೆಂದು ಕರೆಯುವುದು ಮಾತ್ರ ಕಷ್ಟ. ಗಲ್ಲಿಗೇರಿದವರಲ್ಲೊಬ್ಬನಾದ ಜಾನ್ ಕೆಹೋಗೆ ಪೆನ್ಸಿಲ್ವೇನಿಯದ ಗವರ್ನರು ೧೯೭೯ರಲ್ಲಿ ಕ್ಷಮಾದಾನ ಕೊಟ್ಟರು, ಅವನು ಸತ್ತು ನೂರು ವರ್ಷಗಳಾದ ಮೇಲೆ. ಎಷ್ಟೋ ಮನೆಗಳಲ್ಲಿ ಹಿರಿಯರು ಹಳೆಯದನ್ನು ಮಾತನಾಡದೆ ಉಳಿದದ್ದಕ್ಕೆ ಈ ದಿನಗಳ ಭಯವೂ ಒಂದು ಕಾರಣವಿದ್ದೀತೆಂದು ನನಗೆ ತೋರುತ್ತದೆ.

ಈಗ ಹುಡುಕಾಟದ ವಿಷಯ. ಅಂಥ ಮನೆತನದವರೊಬ್ಬರು ನೀವೇ ಎಂದುಕೊಳ್ಳಿ. ಕೈಯಲ್ಲಿರುವುದು ಮುತ್ತಜ್ಜನ ಹೆಸರು, ಗಣಿಯ ಊರಿನ ಹೆಸರು, ಇಷ್ಟೇ. ಅಮೆರಿಕದ ಖಾನೇಷುಮಾರಿ ನೋಡಿದರೆ ಹುಟ್ಟಿದ ಸ್ಥಳ ‘ಐರ್ಲೆಂಡ್’ ಎಂದಿರುತ್ತದೆ. ೧೯೦೦ರದ್ದರಲ್ಲಿ ವಲಸೆ ಬಂದ ವರ್ಷವನ್ನೂ ಕೇಳಿದ್ದಾರೆ, ಅದೊಂದು ಲಾಭ. ೧೮೯೦ರದ್ದನ್ನು ಹುಡುಕಬೇಡಿ, ೧೯೨೧ರಲ್ಲಿ ವಾಷಿಂಗ್‌ಟನ್ನಿನಲ್ಲಿ ಬಿದ್ದ ಬೆಂಕಿಯಿಂದ ಅದು ಬಹುಮಟ್ಟಿಗೆ ಹಾಳಾಯಿತು. ಹಳೆಯ ಹಡಗುಗಳ ಪಟ್ಟಿಯಲ್ಲಿಯೂ ಸಾಮಾನ್ಯವಾಗಿ ‘ಐರ್ಲೆಂಡ್’ ಎಂದೇ. ಸರಕಾರದ ಗುಮಾಸ್ತನಿಗೆ ದೇಶ ಗೊತ್ತಾದರೆ ಸಾಕಾಗಿತ್ತು.

ಊರನ್ನು ಬರೆದಿಟ್ಟವರು ಬೇರೆ. ಗಣಿಯ ಊರುಗಳ ಕ್ಯಾಥೊಲಿಕ್ ಸ್ಮಶಾನಗಳಿಗೆ ಹೋಗಿ ಹಳೆಯ ಕಲ್ಲುಗಳನ್ನು ನೋಡಬೇಕು. ಇಂಥ ಕೌಂಟಿಯ, ಇಂಥ ಪ್ಯಾರಿಷಿನಲ್ಲಿ ಹುಟ್ಟಿದವನು ಎಂದು ಕೆತ್ತಿಸಿದ ಕಲ್ಲುಗಳು ಅಲ್ಲಿ ಕಾಣಸಿಗುತ್ತವೆ. ಕೆತ್ತುವವನಿಗೆ ಅಕ್ಷರಕ್ಕಿಷ್ಟು ಎಂದು ಕೂಲಿ ಕೊಡಬೇಕಾಗುತ್ತಿದ್ದ ಕಾಲದಲ್ಲಿ ಬಡವರು ಈ ಅಕ್ಷರಗಳನ್ನು ಬಿಡಲಿಲ್ಲ ಎಂಬುದನ್ನು ಗಮನಿಸಬೇಕು. ಇನ್ನೊಂದು ಆಕರ ಬಾಸ್ಟನ್ನಿನ ‘ಪೈಲಟ್’ ಪತ್ರಿಕೆ. ೧೮೩೧ರಿಂದ ೧೯೨೧ರವರೆಗೆ ಅದರಲ್ಲಿ ಕಾಣೆಯಾದ ಬಂಧುಗಳನ್ನು ಹುಡುಕುವ ಜಾಹೀರಾತುಗಳು ಬರುತ್ತಿದ್ದುವು. ಅಣ್ಣನನ್ನು ತಂಗಿ, ಗಂಡನನ್ನು ಹೆಂಡತಿ, ಮಗನನ್ನು ತಾಯಿ. ಯಾವ ಪ್ಯಾರಿಷಿನವನು, ಯಾವಾಗ ಬಂದಿಳಿದ, ಕೊನೆಯ ಸುದ್ದಿ ಯಾವ ಊರಿನಿಂದ ಬಂತು ಎಲ್ಲವನ್ನೂ ಕೊಡುತ್ತಿದ್ದರು. ಬೇರೆ ಇನ್ನೊಬ್ಬ ಮರ್ಫಿ ಬಂದು ನಿಲ್ಲಬಾರದಲ್ಲ! ಇಂದು ಈ ಜಾಹೀರಾತುಗಳನ್ನೆಲ್ಲ ಬಾಸ್ಟನ್ ಕಾಲೇಜಿನವರು ಹುಡುಕಲು ಅನುಕೂಲವಾಗುವಂತೆ ಜೋಡಿಸಿಟ್ಟಿದ್ದಾರೆ.

ಊರು ಸಿಕ್ಕಿತೆನ್ನಿ. ಐರ್ಲೆಂಡಿನಲ್ಲಿ ಏನು ಉಳಿದಿದೆ? ೧೯೨೨ರ ಜೂನ್ ೩೦ರಂದು, ಅಂತರ್ಯುದ್ಧದ ಮೊದಲ ವಾರದಲ್ಲಿ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಭವನದಲ್ಲಿದ್ದ ಸರಕಾರಿ ದಫ್ತರಖಾನೆ ಸ್ಫೋಟದಲ್ಲಿಯೂ ಬೆಂಕಿಯಲ್ಲಿಯೂ ನಾಶವಾಯಿತು. ೧೮೨೧ರಿಂದ ೧೮೫೧ರವರೆಗಿನ ಖಾನೇಷುಮಾರಿಗಳು ಚೂರುಪಾರು ಬಿಟ್ಟು ಎಲ್ಲ ಬೂದಿ. ೧೮೬೧ರಿಂದ ೧೮೯೧ರವರೆಗಿನವನ್ನು ಸರಕಾರವೇ ಅದಕ್ಕೆ ಮೊದಲೇ ಹಾಳುಮಾಡಿತ್ತು. ಆದರೆ ಕ್ಯಾಥೊಲಿಕ್ ಇಗರ್ಜಿಗಳ ಜ್ಞಾನಸ್ನಾನದ, ಮದುವೆಯ ಪುಸ್ತಕಗಳು ಆ ಭವನದಲ್ಲಿರಲಿಲ್ಲ. ಅವನ್ನು ತಂದಿಡಬೇಕೆಂದು ಅಧಿಕಾರಿಗಳು ಎಂದೂ ಎಣಿಸಿರಲಿಲ್ಲ. ಪಾದ್ರಿಗಳ ಮನೆಯ ಪೆಟ್ಟಿಗೆಗಳಲ್ಲಿ ಬಿದ್ದಿದ್ದುವು, ಆದ್ದರಿಂದಲೇ ಉಳಿದುವು. ೨೦೧೫ರಲ್ಲಿ ಐರ್ಲೆಂಡಿನ ರಾಷ್ಟ್ರೀಯ ಗ್ರಂಥಾಲಯ ಅವುಗಳ ಪುಟಗಳನ್ನು ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಬಿಟ್ಟಿಯಾಗಿ ನೋಡುವಂತೆ ಮಾಡಿತು. ಇದಲ್ಲದೆ ೧೮೪೭ರಿಂದ ೧೮೬೪ರವರೆಗೆ ರಿಚರ್ಡ್ ಗ್ರಿಫಿತ್ ಎಂಬ ಅಧಿಕಾರಿ ತೆರಿಗೆಗಾಗಿ ಮಾಡಿಸಿದ ಜಮೀನಿನ ಮೌಲ್ಯಮಾಪನ ಇದೆ. ಟೌನ್‌ಲ್ಯಾಂಡ್ ಟೌನ್‌ಲ್ಯಾಂಡಿಗೂ ಯಾರು ಒಕ್ಕಲು, ಯಾರು ಒಡೆಯ ಎಂದು ಅದರಲ್ಲಿ ಬರೆದಿದೆ. ಹೆಂಡಿರು ಮಕ್ಕಳ ಸುದ್ದಿ ಇಲ್ಲ.

ಒಂದೇ ಪ್ಯಾರಿಷಿನಲ್ಲಿ ಒಂದೇ ಹೆಸರಿನವರು ಹತ್ತು ಮಂದಿ ಬಂದಾಗ ಕಂಗೆಡಬೇಡಿ. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿ ಅವರಲ್ಲೂ ಉಂಟು: ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು. ಜ್ಞಾನಸ್ನಾನದ ಸಾಕ್ಷಿಗಳಾಗಿ ನಿಂತವರು ಅನೇಕ ವೇಳೆ ಸೋದರಮಾವನೋ ಅತ್ತೆಯೋ ಆಗಿರುತ್ತಾರೆ. ಇಂಥ ಎಳೆಗಳನ್ನು ಗಣಿಯ ಊರಿನ ಇಗರ್ಜಿಯ ಪುಸ್ತಕದೊಡನೆ ಹೋಲಿಸಿದರೆ ದಾರಿ ತಿಳಿಯುತ್ತದೆ. ಇನ್ನೊಂದು ಮಾತು. ಕಾಗದದಲ್ಲಿ ಕಂಡ ಊರ ಹೆಸರು ನಕ್ಷೆಯಲ್ಲಿ ಸಿಕ್ಕದಿದ್ದರೆ ಅದನ್ನು ಗಟ್ಟಿಯಾಗಿ ಓದಿ. ಐರಿಷ್ ಭಾಷೆಯ ಹೆಸರನ್ನು ಅಕ್ಷರ ಬಾರದವನು ಹೇಳಿದ, ಆ ಭಾಷೆ ಬಾರದವನು ಕೇಳಿದಂತೆ ಬರೆದುಕೊಂಡ. ಕಣ್ಣಿಗೆ ಸಿಕ್ಕದ ಊರು ಕಿವಿಗೆ ಸಿಕ್ಕುವುದುಂಟು.

ಪೂರ್ತಿಯಾಗಿ ಉಳಿದಿರುವ ಖಾನೇಷುಮಾರಿಗಳೆಂದರೆ ೧೯೦೧ರದ್ದು ಮತ್ತು ೧೯೧೧ರದ್ದು. ಹೋದವರು ಅಷ್ಟರಲ್ಲಿ ಹೋಗಿಯಾಗಿತ್ತು, ಇವುಗಳಿಂದ ಏನು ಪ್ರಯೋಜನವೆಂದು ನೀವು ಕೇಳಬಹುದು. ಹಿಂದೆ ಉಳಿದವರು ಇವುಗಳಲ್ಲಿದ್ದಾರೆ. ೧೯೧೧ರ ನಮೂನೆಯಲ್ಲಿ ಮದುವೆಯಾದ ಹೆಂಗಸರಿಗೆ ಎರಡು ಪ್ರಶ್ನೆಗಳಿದ್ದುವು: ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು. ಡೊನೆಗಲ್ಲಿನ ಅಥವಾ ಮೇಯೊದ ಯಾವುದಾದರೂ ಟೌನ್‌ಲ್ಯಾಂಡಿನ ಹಾಳೆಗಳನ್ನು ತಿರುವುತ್ತ ಹೋಗಿ. ಹುಟ್ಟಿದವರು ಹತ್ತು, ಬದುಕಿರುವವರು ಒಂಬತ್ತು ಎಂಬಂಥ ಉತ್ತರ ಬರುತ್ತದೆ. ಆ ಮನೆಯಲ್ಲಿ ಅಂದು ರಾತ್ರಿ ಇದ್ದವರ ಹೆಸರುಗಳು ಮೇಲಿನ ಸಾಲುಗಳಲ್ಲಿವೆ: ಮುದುಕ, ಮುದುಕಿ. ಇಬ್ಬರೇ. ಮುದುಕನಿಗೆ ರುಜು ಹಾಕಲು ಬಾರದೆ ಹೆಸರಿನ ಪಕ್ಕದಲ್ಲಿ ಒಂದು ಗೀಟು ಎಳೆದಿರುತ್ತಾನೆ.